ಚಿತ್ರಭಾನು ಸಂವತ್ಸರದಲ್ಲಿ ನಮ್ಮ ಸೀಮೆ

ಚರಿತ್ರೆಯನ್ನು ಇಸವಿಗಳ ಮೇಲಿಂದ ಎಣಿಸುವ ಪದ್ಧತಿಯು ಇಂಗ್ಲೀಷರ ಆಳಿಕೆಯೊಡನೆ ನಮ್ಮ ಕಚೇರಿಗಳಿಗೂ ಶಾಲೆಗಳಿಗೂ ಬಂದು, ಈಗ ನಮ್ಮ ಮನಸ್ಸಿನಲ್ಲಿಯೂ ನೆಲೆಗೊಂಡಿರುವದು. ಆದರೂ ಯುಗಾದಿಯ ದಿವಸ ಬೇವುಬೆಲ್ಲವನ್ನು ತಿಂದು ಪಂಚಾಂಗವನ್ನು ಓದಿಸಿ ಕೇಳುವ ಮನೆಗಳು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಇನ್ನೂ ಉಂಟು. ಆ ಮನೆಗಳ ಹಿರಿಯರು ತಮ್ಮ ಹುಟ್ಟನ್ನೂ ಮದುವೆಯನ್ನೂ ತಾವು ಕಂಡ ಬರಗಾಲವನ್ನೂ ಸಂವತ್ಸರದ ಹೆಸರಿನಿಂದಲೇ ಹೇಳುತ್ತಿದ್ದರು. ಈ ಎರಡು ಲೆಕ್ಕಗಳು ಒಂದಕ್ಕೊಂದು ಸರಿಯಾಗಿ ಹೊಂದುವದಿಲ್ಲ. ಒಂದರಲ್ಲಿ ಕೂಡಿಬಂದದ್ದು ಮತ್ತೊಂದರಲ್ಲಿ ಅಗಲಿಹೋಗುವದುಂಟು. ನಮ್ಮ ಸೀಮೆಯ ಮಟ್ಟಿಗೆ ಇಂಥ ಅಗಲಿಕೆಯೊಂದು ನಡೆದಿದೆಯೆಂಬದೇ ಈ ಲೇಖನದ ವಿಷಯ.

ಕಾದಂಬರಿಕಾರ ಗಳಗನಾಥರು 1942ನೆಯ ಇಸವಿಯ ಎಪ್ರಿಲ್ 22ರಂದು ತೀರಿಕೊಂಡರು. ಮೈಲಾರ ಮಹಾದೇವಪ್ಪನವರು 1943ನೆಯ ಇಸವಿಯ ಎಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಇಸವಿಯ ಲೆಕ್ಕದಲ್ಲಿ ಇವು ಎರಡು ಬೇರೆ ವರ್ಷಗಳ ಸಂಗತಿಗಳು. ಒಂದನ್ನು ಸಾಹಿತ್ಯಚರಿತ್ರೆಯವರು ಬರೆದುಕೊಂಡರು, ಇನ್ನೊಂದನ್ನು ಸ್ವಾತಂತ್ರ್ಯಸಮರದ ಚರಿತ್ರೆಯವರು ಬರೆದುಕೊಂಡರು. ಅವರ ಗ್ರಂಥ ಇವರಿಗೆ ಬೇಡ, ಇವರದು ಅವರಿಗೆ ಬೇಡ. ಆದರೆ ಪಂಚಾಂಗವನ್ನು ತೆರೆದು ನೋಡುವವರಿಗೆ ಈ ಎರಡೂ ಒಂದೇ ವರ್ಷದ ಸಂಗತಿಗಳಾಗಿ ತೋರುವವು. ಶಾಲಿವಾಹನ ಶಕ 1864, ಚಿತ್ರಭಾನು ಸಂವತ್ಸರ. ಅದು 1942ರ ಮಾರ್ಚ್ ನಡುವೆ ಆರಂಭವಾಗಿ, ನಡುವೆ ಅಧಿಕ ಜ್ಯೇಷ್ಠವನ್ನು ಕೂಡಿಸಿಕೊಂಡು ಹದಿಮೂರು ತಿಂಗಳಿನದಾಗಿ, 1943ರ ಎಪ್ರಿಲ್ ಮೊದಲ ವಾರದಲ್ಲಿ ಮುಗಿಯಿತು. ಅದರ ವೈಶಾಖ ಶುಕ್ಲಪಕ್ಷದಲ್ಲಿ ಗಳಗನಾಥರು ಹೋದರು. ಫಾಲ್ಗುಣ ಬಹುಳದಲ್ಲಿ, ಯುಗಾದಿಗೆ ನಾಲ್ಕೈದು ದಿವಸ ಉಳಿದಿರುವಾಗ, ಮಹಾದೇವಪ್ಪನವರು ಹೋದರು. ಚಿತ್ರಭಾನುವೆಂದರೆ ಸೂರ್ಯನೂ ಹೌದು, ಅಗ್ನಿಯೂ ಹೌದು. ಆ ವರ್ಷಕ್ಕೆ ಎರಡನೆಯ ಅರ್ಥವೇ ಹೆಚ್ಚು ಸಲ್ಲುವದು.

ಆ ಕಾಲದ ಸೀಮೆಯ ಸ್ವರೂಪವನ್ನು ಮೊದಲು ನೆನೆಯಬೇಕು. ಹಾವೇರಿಯೆಂಬ ಜಿಲ್ಲೆ ಆಗ ಇರಲಿಲ್ಲ. ಅದು ಹುಟ್ಟಿದ್ದು 1997ನೆಯ ಇಸವಿಯ ಅಗಸ್ಟ್ 24ರಂದು. ಮುಂಬಯಿ ಇಲಾಖೆಗೆ ಸೇರಿದ ಧಾರವಾಡ ಜಿಲ್ಲೆಯ ದಕ್ಷಿಣದ ಅಂಚೇ ನಮ್ಮ ನೆಲ. ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದರೆ ಹಡಗಲಿ, ಹರಪನಹಳ್ಳಿ. ಅಲ್ಲಿ ಮದ್ರಾಸ ಸರಕಾರ. ರಾಣೆಬೆನ್ನೂರಿನಲ್ಲಿ ರೈಲನ್ನು ಹತ್ತಿ ಹೊಳೆಯಾಚೆಯ ಹರಿಹರದಲ್ಲಿ ಇಳಿದರೆ ಮೈಸೂರು ಮಹಾರಾಜರ ರಾಜ್ಯ. ಹಾವೇರಿಯಿಂದ ಉತ್ತರದ ದಾರಿ ಹಿಡಿದರೆ ಸವಣೂರು ನವಾಬರ ಸಂಸ್ಥಾನ. ಒಂದೆರಡು ದಿವಸದ ಪ್ರಯಾಣದಲ್ಲಿ ನಾಲ್ಕು ಸರಕಾರಗಳು, ನಾಲ್ಕು ತೆರನಾದ ಕಾಯಿದೆಗಳು; ಆದರೆ ಸಂತೆಯ ಮಾತೂ ಭಜನೆಯ ಪದವೂ ಎಲ್ಲೆಲ್ಲಿಯೂ ಒಂದೇ ಕನ್ನಡದವು. ಬ್ಯಾಡಗಿಯ ಮೆಣಸಿನಕಾಯಿಯು ಈ ಎಲ್ಲ ಗಡಿಗಳನ್ನು ಯಾರ ಅಪ್ಪಣೆಯನ್ನೂ ಕೇಳದೆ ದಾಟುತ್ತಿತ್ತು. ಪುಸ್ತಕಗಳಿಗೆ ಮಾತ್ರ ಹಾಗೆ ದಾಟುವದು ಸುಲಭವಾಗಿರಲಿಲ್ಲ. ಒಂದು ಸರಕಾರದ ಶಾಲೆಯ ಪುಸ್ತಕ ಇನ್ನೊಂದು ಸರಕಾರದ ಶಾಲೆಗೆ ಬಾರದು, ಒಂದು ಕಡೆಯ ವರ್ತಮಾನಪತ್ರ ಇನ್ನೊಂದು ಕಡೆಗೆ ತಡವಾಗಿ ಬರುವದು. ಇಂಥ ಹರಿದುಹೋದ ನಾಡಿನಲ್ಲಿ ಪುಸ್ತಕಗಳನ್ನು ಹೊತ್ತು ನಡೆದ ಒಬ್ಬ ಮನುಷ್ಯನ ಬೆಲೆಯು ನಮ್ಮ ಇಂದಿನ ಎಣಿಕೆಗೆ ಸುಲಭವಾಗಿ ಸಿಕ್ಕುವಂಥದಲ್ಲ.

ಆ ಮನುಷ್ಯರೇ ವೆಂಕಟೇಶ ತಿರಕೋ ಕುಲಕರ್ಣಿಯವರು. ವರದೆಯು ತುಂಗಭದ್ರೆಯನ್ನು ಕೂಡುವ ನೆರೆಯಲ್ಲಿ, ಗಳಗೇಶ್ವರನ ಗುಡಿಯಿರುವ ಗಳಗನಾಥವೆಂಬ ಗ್ರಾಮವು ಅವರ ಊರು. 1869ನೆಯ ಇಸವಿಯ ಜನವರಿ 5ರಂದು ಹುಟ್ಟಿದ ಅವರು ಊರಿನ ಹೆಸರನ್ನೇ ತಮ್ಮ ಹೆಸರಾಗಿ ಮಾಡಿಕೊಂಡು, ಕೊನೆಗೆ ತಮ್ಮ ಹೆಸರಿನಿಂದಲೇ ಆ ಊರು ನಾಡಿನವರಿಗೆ ಪರಿಚಯವಾಗುವಂತೆ ಮಾಡಿದರು. ಧಾರವಾಡದಲ್ಲಿ ಶಿಕ್ಷಕರ ತರಬೇತಿಯನ್ನು ಪಡೆದು ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದರು. ಅವರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ 1898ರಲ್ಲಿ ಹೊರಬಿದ್ದಿತು. ರಾ. ಹ. ದೇಶಪಾಂಡೆಯವರು 1890ರಲ್ಲಿ ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡದಲ್ಲಿ ಬರೆಯುವವರನ್ನು ಹುಡುಕಿ ಹುಡುಕಿ ಬೆನ್ನು ತಟ್ಟುತ್ತಿದ್ದ ಕಾಲವದು. ಶಿಕ್ಷಕರ ಕೆಲಸವನ್ನು ಬಿಟ್ಟು ಸಾಹಿತ್ಯದಿಂದಲೇ ಜೀವನ ಸಾಗಿಸುವೆನೆಂದು ಹೊರಡುವದು ಅಂದಿನ ದಿವಸಗಳಲ್ಲಿ ಸಾಹಸವೆನ್ನುವದಕ್ಕಿಂತ ಹುಚ್ಚುತನವೆಂದೇ ನೆಂಟರಿಷ್ಟರಿಗೆ ತೋರತಕ್ಕ ಮಾತು. ಗಳಗನಾಥರು ಅದನ್ನು ಮಾಡಿದರು.

1907ನೆಯ ಇಸವಿಯಲ್ಲಿ ಹಾವೇರಿಯ ಹತ್ತಿರದ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ಯೆಂಬ ಮಾಸಪತ್ರಿಕೆಯು ಹೊರಟಿತು, ಅದರ ಸಂಪಾದಕರು ಗಳಗನಾಥರೇ. ಧಾರವಾಡವಲ್ಲ, ಬೆಂಗಳೂರಲ್ಲ, ಒಂದು ಹಳ್ಳಿಯ ಮಠದಿಂದ ಕನ್ನಡನಾಡಿನ ಮೂಲೆಮೂಲೆಗೆ ತಿಂಗಳು ತಿಂಗಳಿಗೆ ಒಂದು ಪತ್ರಿಕೆ ಹೋಗುವದೆಂದರೇನು! ಅದರಲ್ಲಿ ವೇದಾಂತವೂ ಇತ್ತು, ನೀತಿಯೂ ಇತ್ತು, ಎಲ್ಲಕ್ಕೂ ಹೆಚ್ಚಾಗಿ ಕಥೆಯಿತ್ತು. ಓದು ಬಾರದವರು ಓದು ಬರುವವರ ಸುತ್ತಲೂ ಕುಳಿತು ಕೇಳುವಂಥ ಗದ್ಯವನ್ನು ಗಳಗನಾಥರು ಬರೆದರು. ಆ ಗದ್ಯದಲ್ಲಿ ದೋಷಗಳಿಲ್ಲವೆಂದು ನಾವು ಹೇಳುವದಿಲ್ಲ. ಉಪದೇಶವು ಆಗಾಗ ಕಥೆಯ ಕೊರಳನ್ನು ಹಿಸುಕುವದು. ಸಜ್ಜನರು ಬಹಳ ಸಜ್ಜನರು, ದುರ್ಜನರು ಬಹಳ ದುರ್ಜನರು. ಇಂದಿನ ವಿಮರ್ಶಕರು ಇದನ್ನು ಎತ್ತಿ ತೋರಿಸುವಾಗ ಒಂದು ಮಾತನ್ನು ಮರೆಯುವರು: ಅವರ ವಿಮರ್ಶೆಯನ್ನು ಓದುವ ಕನ್ನಡಿಗರನ್ನು ಸಿದ್ಧಮಾಡಿಟ್ಟವರಲ್ಲಿ ಈ ಗಳಗನಾಥರು ಮೊದಲಿಗರು.

ಅವರ ಕಾದಂಬರಿಗಳಲ್ಲಿ ಹಲವು ಮರಾಠಿಯಿಂದ, ವಿಶೇಷವಾಗಿ ಹರಿ ನಾರಾಯಣ ಆಪಟೆಯವರಿಂದ ಬಂದವು. ಇದಕ್ಕಾಗಿ ನಾಚಬೇಕಾದ ಕಾರಣವಿಲ್ಲ. ಆ ಕಾಲದ ಮುಂಬಯಿ ಕರ್ನಾಟಕದಲ್ಲಿ ಮರಾಠಿಯು ವಿದ್ಯಾವಂತರ ಭಾಷೆ. ಕನ್ನಡ ಮನೆಯಲ್ಲಿ ಹುಟ್ಟಿದವನೂ ನಾಲ್ಕು ಅಕ್ಷರ ಕಲಿತನೆಂದರೆ ಮರಾಠಿಯಲ್ಲಿ ಪತ್ರ ಬರೆಯುವವನು. ಅವನನ್ನು ಕನ್ನಡಕ್ಕೆ ಹಿಂದಿರುಗಿಸಬೇಕಾದರೆ ಅವನಿಗೆ ರುಚಿಸಿದ ಕಥೆಯನ್ನೇ ಕನ್ನಡದಲ್ಲಿ ಕೊಡಬೇಕು. ಅದನ್ನು ಕೊಟ್ಟಾದ ಬಳಿಕ ಗಳಗನಾಥರು 1923ರಲ್ಲಿ ‘ಮಾಧವ ಕರುಣಾ ವಿಲಾಸ’ವನ್ನು ಬರೆದು ವಿಜಯನಗರದ ಸ್ಥಾಪನೆಯ ಕಥೆಯನ್ನು ಎತ್ತಿಕೊಂಡರು. ಪೇಶವೆಯರ ಪುಣೆಯ ಕಡೆಗೆ ಮುಖಮಾಡಿ ನಿಂತಿದ್ದ ಓದುಗನನ್ನು ತೋಳುಹಿಡಿದು ಹಂಪೆಯ ಕಡೆಗೆ ತಿರುಗಿಸಿದ ಕೆಲಸವದು. ಹಾವೇರಿಯಿಂದ ಹಂಪೆಯು ದೂರವಲ್ಲ; ಮನಸ್ಸಿಗೆ ಮಾತ್ರ ಬಹಳ ದೂರವಾಗಿತ್ತು.

ಪುಸ್ತಕ ಬರೆದದ್ದು ಅರ್ಧ ಕೆಲಸ, ಮಾರಿದ್ದು ಉಳಿದರ್ಧ. ಅಚ್ಚಾದ ಪುಸ್ತಕಗಳ ಗಂಟನ್ನು ತಾವೇ ಹೊತ್ತುಕೊಂಡು ಅವರು ಊರೂರು ತಿರುಗಿ ಮನೆಮನೆಗೆ ಕೊಟ್ಟರೆಂಬದು ನಮ್ಮ ಕಡೆಗೆ ಎಲ್ಲರೂ ಹೇಳುವ ಮಾತು. ಸ್ಕಾಟ್ಲಂಡಿನ ವಾಲ್ಟರ ಸ್ಕಾಟನೊಡನೆ ಗಳಗನಾಥರನ್ನು ಹೋಲಿಸುವದು ಸಹಜ. ತನ್ನ ನಾಡು ತನ್ನ ರಾಜ್ಯವನ್ನು ಕಳೆದುಕೊಂಡ ಬಳಿಕ ಆತನು 1814ರಲ್ಲಿ ‘ವೇವರ್ಲಿ’ಯನ್ನು ಬರೆದು ಅದರ ಹಿಂದಿನ ಬಾಳನ್ನು ಕಾದಂಬರಿಯಲ್ಲಿ ಹಿಂದಿರುಗಿಸಿಕೊಟ್ಟನು, ಆತನ ‘ಐವನ್‌ಹೋ’ದ ನೆರಳು ಕೆರೂರ ವಾಸುದೇವಾಚಾರ್ಯರ ಮೂಲಕ ಕನ್ನಡದ ಮೇಲೂ ಬಿದ್ದಿತು. ಆದರೆ ಸ್ಕಾಟನು ಪುಸ್ತಕದ ಗಂಟನ್ನು ಹೊರಲಿಲ್ಲ. ಆತನಿಗೆ ಎಡಿನ್‌ಬರೋ ನಗರದ ನಡುವೆ ಇನ್ನೂರು ಅಡಿ ಎತ್ತರದ ಸ್ಮಾರಕವನ್ನು ಕಟ್ಟಿದರು. ಅದರ ಮಗ್ಗುಲಲ್ಲಿರುವ ದೊಡ್ಡ ರೈಲ್ವೆ ಸ್ಟೇಶನ್ನಿಗೆ ಆತನ ಕಾದಂಬರಿಯ ಹೆಸರನ್ನೇ ಇಟ್ಟರು. ಒಂದು ಪುಸ್ತಕದ ಹೆಸರಿನ ಸ್ಟೇಶನ್ನಿನಲ್ಲಿ ಪ್ರತಿದಿವಸ ಸಾವಿರಾರು ಜನರು ಇಳಿಯುವರೆಂಬದನ್ನು ನೆನೆದರೆ ನಮಗೆ ಸ್ವಲ್ಪ ಹೊಟ್ಟೆಕಿಚ್ಚಾಗುವದು ಸುಳ್ಳಲ್ಲ.

ಗಳಗನಾಥರು ತೀರಿಕೊಂಡಾಗ ಅವರಿಗೆ 73 ವರ್ಷ. ಆ ಹೊತ್ತಿಗೆ ಅವರ ಸಾಹಿತ್ಯದ ಕಾಲವು ಹಿಂದಾಗಿತ್ತು. ಅವರೇ ಸಿದ್ಧಮಾಡಿದ ಓದುಗರು ಹೊಸ ಕವಿಗಳನ್ನೂ ಹೊಸ ಕಾದಂಬರಿಗಳನ್ನೂ ಓದುತ್ತಿದ್ದರು. ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಆಗಲೇ ಹೆಸರಾದ ಕವಿಗಳು. ಕುರಬಗೊಂಡದ ಪಾಟೀಲ ಪುಟ್ಟಪ್ಪನವರಿಗೆ 23, ರಾಣೆಬೆನ್ನೂರಿನಲ್ಲಿ ಹುಟ್ಟಿದ ಸು. ರಂ. ಎಕ್ಕುಂಡಿಯವರಿಗೆ 19. ಒಂದು ಪೀಳಿಗೆ ಇಳಿದು ಇನ್ನೊಂದು ಏರುವ ಹೊತ್ತದು.

ಆ ಬೇಸಿಗೆಯಲ್ಲಿ ಜನರ ಮನಸ್ಸು ಸಾಹಿತ್ಯದ ಮೇಲೆ ಇರಲಿಲ್ಲವೆಂಬದೂ ನಿಜ. ಚಿತ್ರಭಾನು ಹುಟ್ಟುವ ಕೆಲವೇ ದಿವಸಗಳ ಮುಂಚೆ, 1942ರ ಮಾರ್ಚ್ 8ರಂದು, ರಂಗೂನು ಜಪಾನಿಯರ ಕೈವಶವಾಗಿತ್ತು. ಬ್ರಹ್ಮದೇಶದ ಅಕ್ಕಿ ನಿಂತಿತು. ಧಾನ್ಯದ ಧಾರಣೆ ಏರಿತು, ಸೀಮೆಎಣ್ಣೆ ಸಿಕ್ಕದಾಯಿತು, ಅರಿವೆಯ ಬೆಲೆಯು ಬಡವರ ಕೈಗೆ ಎಟುಕದಷ್ಟು ಮೇಲಕ್ಕೆ ಹೋಯಿತು. ಹತ್ತಿಯನ್ನು ಬೆಳೆಯುವ ರಾಣೆಬೆನ್ನೂರಿನ ರೈತನಿಗೆ ಧೋತರದ ಚಿಂತೆ! ಚಿಲ್ಲರೆ ಹಣವೂ ಮಾಯವಾಯಿತು. ಲೋಹವನ್ನು ಉಳಿಸುವದಕ್ಕಾಗಿ ಸರಕಾರವು 1943ರಲ್ಲಿ ನಡುವೆ ತೂತುಳ್ಳ ಪೈಸೆಯನ್ನು ಹೊರಡಿಸಿದ್ದನ್ನು ನಮ್ಮ ಅಜ್ಜಂದಿರು ಮೊಮ್ಮಕ್ಕಳಿಗೆ ತೋರಿಸುತ್ತಿದ್ದರು. ಕಾಗದವಂತೂ ಯುದ್ಧದ ಕೆಲಸಕ್ಕೆ ಹೋಗಿ, ಮಾಸಪತ್ರಿಕೆಗಳು ಬಡಕಲಾದವು. ಕನ್ನಡ ಸಾಹಿತ್ಯ ಸಮ್ಮೇಳನವು 1941ರಲ್ಲಿ ಹೈದರಾಬಾದಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ನೆರೆದದ್ದೇ ಸರಿ, 1942ರಲ್ಲಿ ಕೂಡಲಿಲ್ಲ.

ಅಗಸ್ಟ್ 8ರ ರಾತ್ರಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮಹಾಸಮಿತಿಯು ಇಂಗ್ಲೀಷರು ಭಾರತವನ್ನು ಬಿಟ್ಟು ಹೋಗಬೇಕೆಂಬ ಠರಾವನ್ನು ಮಾಡಿತು. 9ರ ಬೆಳಗಿಗೆ ಗಾಂಧೀಜಿಯವರೂ ಉಳಿದ ಮುಂದಾಳುಗಳೂ ಸೆರೆಯಾದರು. ನಮ್ಮಲ್ಲಿ ಆಷಾಢವು ಇನ್ನೂ ಮುಗಿದಿರಲಿಲ್ಲ. ನಾಗರ ಅಮಾವಾಸ್ಯೆಗೆ ಎರಡು ಮೂರು ದಿವಸ ಉಳಿದಿತ್ತು, ಹೊಲಗಳಲ್ಲಿ ಎಡೆ ಹೊಡೆಯುವ ಕೆಲಸ ನಡೆದಿತ್ತು. ಮುಂದಾಳುಗಳು ಒಮ್ಮೆಗೇ ಕಣ್ಮರೆಯಾದರು. ಮುಂದೇನು ಮಾಡಬೇಕೆಂದು ಹೇಳುವವರಿಲ್ಲ. ಪತ್ರಿಕೆಗಳ ಬಾಯಿಗೆ ಬೀಗ. ಆಗ ಹಳ್ಳಿಗಳವರು ತಮಗೆ ತಿಳಿದದ್ದನ್ನು ತಾವೇ ಮಾಡತೊಡಗಿದರು. ತಂತಿಗಳನ್ನು ಕತ್ತರಿಸಿದರು, ಟಪಾಲನ್ನು ಕಸಿದರು, ರೈಲ್ವೆ ಸ್ಟೇಶನ್ನುಗಳಿಗೆ ಬೆಂಕಿಯಿಟ್ಟರು, ಚಾವಡಿಯ ದಫ್ತರಗಳನ್ನು ಸುಟ್ಟರು. ಸರಕಾರವು ಊರಿಗೆ ಊರಿನ ಮೇಲೆಯೇ ಪುಂಡುಗಂದಾಯವನ್ನು ಹೇರಿತು. ಭೂಗತರಾದ ಕಾರ್ಯಕರ್ತರಿಗೆ ರಂಗನಾಥ ದಿವಾಕರರು ದಾರಿ ತೋರಿಸುತ್ತಿದ್ದರು, ಅವರೂ ತಲೆಮರೆಸಿಕೊಂಡವರೇ.

ಚಾವಡಿಯ ದಫ್ತರವನ್ನೇ ಯಾಕೆ ಸುಡಬೇಕಾಗಿತ್ತೆಂದು ಇಂದಿನ ಓದುಗರಲ್ಲಿ ಕೆಲವರು ಕೇಳಬಹುದು. ಹಳ್ಳಿಯವನಿಗೆ ಸರಕಾರವೆಂದರೆ ವೈಸರಾಯನಲ್ಲ, ಗವರ್ನರನೂ ಅಲ್ಲ. ಕುಲಕರ್ಣಿಯು ಬರೆದಿಡುವ ಕಂದಾಯದ ಲೆಕ್ಕ, ಪಾಟೀಲನು ಮಾಡುವ ವಸೂಲಿ, ಇವೇ ಅವನ ಪಾಲಿನ ಸರಕಾರ. ಮಳೆ ಬಂದರೂ ಕಂದಾಯ, ಬಾರದಿದ್ದರೂ ಕಂದಾಯ. ಆ ಬರೆವಣಿಗೆಯನ್ನು ಸುಟ್ಟರೆ ಆಳಿಕೆಯ ಬೇರು ಸುಟ್ಟಿತೆಂದು ಅವನಿಗೆ ತೋರಿದ್ದರಲ್ಲಿ ಅರ್ಥವಿಲ್ಲದೆ ಇಲ್ಲ.

ಹೊಳೆಯಾಚೆಯ ಮೈಸೂರು ಸೀಮೆಯಲ್ಲಿ ಇದೇ ವಿಚಾರವು ಇನ್ನೂ ಮುಂದಕ್ಕೆ ಹೋಯಿತು. ಹಿರೇಕೆರೂರಿನ ಕಡೆಯಿಂದ ಮಾಸೂರಿನ ದಾರಿಯಾಗಿ ದಕ್ಷಿಣಕ್ಕೆ ಹೋದರೆ ಶಿಕಾರಿಪುರ. ಆ ತಾಲೂಕಿನ ಈಸೂರು ಗ್ರಾಮದವರು ತಾವು ಸ್ವತಂತ್ರರೆಂದು ಸಾರಿ, ಜಯಣ್ಣನೆಂಬ ಹುಡುಗನನ್ನು ಅಮಲ್ದಾರನನ್ನಾಗಿ ನೇಮಿಸಿ ತಮ್ಮದೇ ಸರಕಾರವನ್ನು ನಡೆಸಿದರು. ಕೇಳುವದಕ್ಕೆ ಆಟದಂತೆ ತೋರುವ ಈ ಕಥೆಯು ಆಟವಾಗಿ ಮುಗಿಯಲಿಲ್ಲ. ಸಪ್ಟೆಂಬರ 28ರಂದು, ಪಿತೃಪಕ್ಷದ ದಿವಸಗಳಲ್ಲಿ, ಊರಿಗೆ ಬಂದ ಅಧಿಕಾರಿಗಳಿಗೂ ಜನರಿಗೂ ಘರ್ಷಣೆಯಾಗಿ ನಿಜವಾದ ಅಮಲ್ದಾರರೂ ಪೋಲೀಸ ಸಬ್-ಇನ್ಸ್‌ಪೆಕ್ಟರರೂ ಸತ್ತರು. ಊರಿನ ಮೇಲೆ ಪೋಲೀಸರ ಕೋಪವು ಎರಗಿತು. ಐವರಿಗೆ ಮರಣದಂಡನೆಯಾಯಿತು, 1943ರ ಮಾರ್ಚ್ 8, 9, 10ರಂದು ಬೆಂಗಳೂರಿನ ಸೆರೆಮನೆಯಲ್ಲಿ ಅವರನ್ನು ಗಲ್ಲಿಗೇರಿಸಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ, ಹಾಲಪ್ಪ, ಶಂಕರಪ್ಪ: ಬ್ರಿಟಿಷ್ ಹಿಂದುಸ್ಥಾನದಲ್ಲಿ ಅಲ್ಲ, ಕನ್ನಡಿಗ ಮಹಾರಾಜರ ರಾಜ್ಯದಲ್ಲಿ ಗಲ್ಲಿಗೇರಿದವರು. ಮೈಸೂರನ್ನು ಮಾದರಿ ರಾಜ್ಯವೆಂದು ಹೊಗಳುವವರು ಆ ಹೊಗಳಿಕೆಯ ಪುಟದಲ್ಲಿಯೇ ಇದನ್ನೂ ಬರೆಯಬೇಕು.

ನಮ್ಮ ಸೀಮೆಗೆ ವರ್ಷಫಲವನ್ನು ಕೇಳುವ ತನ್ನದೇ ಆದ ಎರಡು ಸ್ಥಾನಗಳುಂಟು. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಆಯುಧಪೂಜೆಯ ದಿವಸ, ಹೊಳೆಯಾಚೆಯ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ, ಗೊರವಯ್ಯನು ಬಿಲ್ಲನ್ನೇರಿ ಒಂದೇ ಮಾತಿನಲ್ಲಿ ಕಾರಣಿಕವನ್ನು ನುಡಿಯುವನು. ಅದರ ಅರ್ಥವನ್ನು ಜನರು ಊರಿಗೆ ಮರಳುವವರೆಗೂ ಚರ್ಚಿಸುತ್ತ ಬರುವರು. ಚಿತ್ರಭಾನುವಿನ ಭಾರತ ಹುಣ್ಣಿಮೆಯು ಫೆಬ್ರುವರಿಯಲ್ಲಿ ಬಂದಿತು. ಅದೇ ತಿಂಗಳ 10ರಿಂದ ಆಗಾಖಾನರ ಬಂಗಲೆಯ ಸೆರೆಯಲ್ಲಿ ಗಾಂಧೀಜಿಯವರು 21 ದಿವಸದ ಉಪವಾಸವನ್ನು ಹಿಡಿದಿದ್ದರು. ಅದು ಮುಗಿದದ್ದು ಮಾರ್ಚ್ 3ರಂದು. ಹುಣ್ಣಿಮೆಯು ಸರಿಯಾಗಿ ಅದರ ನಡುವೆ. 73 ವರ್ಷದ ಮುದುಕರು ಉಳಿಯುವರೋ ಇಲ್ಲವೋ ಎಂಬ ಚಿಂತೆಯಲ್ಲಿ ನಾಡೆಲ್ಲ ಇದ್ದ ದಿವಸಗಳಲ್ಲಿ ಕಾರಣಿಕವನ್ನು ಕೇಳುವ ಕಿವಿಗಳು ಎಷ್ಟು ಚುರುಕಾಗಿದ್ದಿರಬೇಕು!

ಮೈಲಾರವೆಂಬದನ್ನೇ ಮನೆಯ ಹೆಸರಾಗಿ ಉಳ್ಳ ಮಹಾದೇವಪ್ಪನವರು ಆ ಹೊತ್ತಿಗೆ ಭೂಗತರಾಗಿ ವರದೆಯ ಸುತ್ತಣ ಹಳ್ಳಿಗಳಲ್ಲಿ ಇದ್ದರು. ಈಗಿನ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ, ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, 1911ನೆಯ ಇಸವಿಯ ಜೂನ್ 8ರಂದು ಅವರು ಹುಟ್ಟಿದರು. ಹದಿನೆಂಟು ತುಂಬುವ ಹೊತ್ತಿಗೆ ಖಾದಿಯ ಸೆಳೆತವು ಅವರನ್ನು ಸಾಬರಮತಿಯ ಆಶ್ರಮಕ್ಕೆ ಒಯ್ದಿತ್ತು. 1930ರ ಮಾರ್ಚ್ 12ರಂದು ಗಾಂಧೀಜಿಯವರು ಉಪ್ಪಿನ ಕಾಯಿದೆಯನ್ನು ಮುರಿಯಲು ದಂಡಿಗೆ ಹೊರಟಾಗ ಅವರೊಡನೆ ಆಯ್ದ 78 ಜನ ಅನುಯಾಯಿಗಳಿದ್ದರು. ಕರ್ನಾಟಕದಿಂದ ಆ ಸಾಲಿನಲ್ಲಿ ನಡೆದವರು ಮಹಾದೇವಪ್ಪನವರೊಬ್ಬರೇ. 241 ಮೈಲು, 24 ದಿವಸ. ಮೋಟೆಬೆನ್ನೂರಿನ ಹುಡುಗನ ಕಾಲುಗಳು ಸಮುದ್ರವನ್ನು ಮುಟ್ಟಿದವು. ಆಮೇಲೆ ಸೆರೆಮನೆ. ಊರ ಕಡೆಗೆ ಮರಳಿದ ಬಳಿಕ ಹಾವೇರಿ ತಾಲೂಕಿನ ಕೊರಡೂರಿನಲ್ಲಿ ಗ್ರಾಮಸೇವೆಯ ಆಶ್ರಮ, ನೂಲುವಿಕೆ, ಖಾದಿಯ ಪ್ರಚಾರ. ಅವರ ಪತ್ನಿ ಸಿದ್ಧಮ್ಮನವರೂ ಸಾಬರಮತಿಯಲ್ಲಿದ್ದು ಬಂದವರು, ಸೆರೆಯನ್ನು ಕಂಡವರು. ಆ ಕಾಲದ ಒಬ್ಬ ಹಳ್ಳಿಯ ಹೆಣ್ಣುಮಗಳು ಇಷ್ಟನ್ನು ಮಾಡಬೇಕಾದರೆ ಗಂಡನಿಗಿಂತ ಹೆಚ್ಚಿನ ಧೈರ್ಯ ಬೇಕಾಗಿತ್ತೆಂದು ನಮ್ಮ ಅಭಿಪ್ರಾಯ. ಅವಳು ಸರಕಾರವನ್ನಷ್ಟೇ ಅಲ್ಲ, ನೆರೆಹೊರೆಯ ನಾಲಿಗೆಗಳನ್ನೂ ಎದುರಿಸಬೇಕಾಗಿತ್ತು.

ಗಳಗನಾಥರ ಪುಸ್ತಕವನ್ನು ಓದಿ ಮಹಾದೇವಪ್ಪನವರು ದಂಡಿಗೆ ಹೋದರೆಂಬಂಥ ಸುಲಭವಾದ ವಾದವನ್ನು ನಾವು ಮಾಡುವದಿಲ್ಲ. ಹಾಗೆ ಒಂದು ಪುಸ್ತಕವು ಒಬ್ಬ ಮನುಷ್ಯನನ್ನು ಎಬ್ಬಿಸಿ ಕಳಿಸುವದು ಕಥೆಗಳಲ್ಲಿ ಮಾತ್ರ. ಆದರೆ 1911ರಲ್ಲಿ ಹುಟ್ಟಿದ ಹುಡುಗನೊಬ್ಬನು ಬೆಳೆದ ಗಾಳಿ ಎಂಥದೆಂದು ನೋಡಬೇಕು. ನಾಲ್ಕು ವರ್ಷದ ಹಿಂದೆಯೇ ಅಗಡಿಯಿಂದ ಪತ್ರಿಕೆಯು ಹೊರಟಿದೆ. ಹಳ್ಳಿಗಳಲ್ಲಿ ಕನ್ನಡವನ್ನು ಓದುವವರ ಒಂದು ಗುಂಪು ಹುಟ್ಟಿದೆ. ನಾಡೆಂಬದು ಕಂದಾಯ ತೆರುವ ನೆಲವಷ್ಟೇ ಅಲ್ಲ, ಒಂದು ಕಾಲಕ್ಕೆ ತನ್ನದೇ ಸಿಂಹಾಸನವಿದ್ದ ಜನವೆಂಬ ಮಾತು ಕಟ್ಟೆಗಳ ಮೇಲೆ ಕೇಳಬರುತ್ತಿದೆ. ಈ ಗಾಳಿಯಿಲ್ಲದೆ ಮೋಟೆಬೆನ್ನೂರಿಗೆ ಸಾಬರಮತಿಯ ಹೆಸರು ಬರುವದು ಕಷ್ಟವಿತ್ತು.

ಈಗ ಆ ವರ್ಷದ ಅತ್ಯಂತ ಕಠಿಣವಾದ ಪ್ರಶ್ನೆ. ದಂಡಿಯ ಯಾತ್ರೆಯಲ್ಲಿ ಮುಚ್ಚುಮರೆಯೆಂಬದೇ ಇರಲಿಲ್ಲ. ಹೊರಡುವದಕ್ಕೆ ಹತ್ತು ದಿವಸ ಮುಂಚೆ ಗಾಂಧೀಜಿಯವರು ವೈಸರಾಯನಿಗೆ ಪತ್ರ ಬರೆದು ತಾವು ಮಾಡಲಿರುವದನ್ನೆಲ್ಲ ತಿಳಿಸಿದ್ದರು. ಯಾವ ದಿವಸ ಯಾವ ಊರೆಂಬದೂ ಎಲ್ಲರಿಗೂ ಗೊತ್ತಿತ್ತು. ಆ ಸಾಲಿನಲ್ಲಿ ಹಗಲಿನಲ್ಲಿ ನಡೆದವರೇ ಹನ್ನೆರಡು ವರ್ಷಗಳ ತರುವಾಯ ತಲೆಮರೆಸಿಕೊಂಡು ಖಜಾನೆಯ ಮೇಲೆ ಎರಗುವ ಹಂತಕ್ಕೆ ಹೇಗೆ ಬಂದರು? ಮಹಾದೇವಪ್ಪನವರ ಸ್ಮರಣೆಯ ಸಭೆಗಳಲ್ಲಿ ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಎತ್ತುವದಿಲ್ಲ. ಹಾರ ಹಾಕುವ ಹೊತ್ತಿನಲ್ಲಿ ಪ್ರಶ್ನೆ ಕೇಳಬಾರದೆಂದು ತಿಳಿದಿರುವೆವು. ಅದನ್ನು ಕೇಳದಿದ್ದರೆ ಅವರು ಕಲ್ಲಿನ ಮೂರ್ತಿಯಾಗಿ ಉಳಿಯುವರು.

ನಮಗೆ ತೋರುವ ಉತ್ತರವಿದು. 1930ರಲ್ಲಿ ಮುಂದಾಳುವು ಎದುರಿಗಿದ್ದನು. ನಿಯಮವನ್ನು ಹೇಳುವವನೂ ತಪ್ಪಿದರೆ ನಿಲ್ಲಿಸುವವನೂ ಅವನೇ. 1942ರಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ಆ ಧ್ವನಿಯು ನಿಂತುಹೋಯಿತು. ಬಹಿರಂಗವಾಗಿ ಸೆರೆಗೆ ಹೋಗುವದು ಸುಲಭ, ಆದರೆ ಎಲ್ಲರೂ ಸೆರೆಗೆ ಹೋದರೆ ಚಳವಳಿಯೇ ನಿಲ್ಲುವದು. ಹೊರಗುಳಿಯಬೇಕಾದರೆ ಅಡಗಬೇಕು, ಅಡಗಿದವನ ಅಹಿಂಸೆಗೆ ದಿವಸದಿವಸಕ್ಕೂ ಹೊಸ ಪರೀಕ್ಷೆ. ಆದರೂ ಉಪ್ಪಿನ ಕರಕ್ಕೂ ಹೊಲದ ಕಂದಾಯಕ್ಕೂ ನಡುವೆ ಒಂದು ಎಳೆ ಹರಿಯದೆ ಉಳಿದಿತ್ತು. ವಸೂಲು ಮಾಡುವದಕ್ಕೆ ನೀನಾರು ಎಂದು ದಂಡಿಯ ದಡದಲ್ಲಿ ಕೇಳಿದ ಪ್ರಶ್ನೆಯನ್ನೇ ಮಹಾದೇವಪ್ಪನವರು ವರದೆಯ ದಡದಲ್ಲಿ ಕೇಳಿದರು. ಕೇಳಿದ ರೀತಿ ಬೇರೆಯಾಯಿತು.

ಹೊಸರಿತ್ತಿಯಲ್ಲಿ ಸರಕಾರವು ವಸೂಲಾದ ಕಂದಾಯದ ಹಣವನ್ನು ದೇವಾಲಯದಲ್ಲಿಟ್ಟು ಪೋಲೀಸರ ಕಾವಲನ್ನು ಇರಿಸಿತ್ತು. ಎಪ್ರಿಲ್ 1ರಂದು ಮಹಾದೇವಪ್ಪನವರ ತಂಡವು ಅದರ ಮೇಲೆ ಹೋಯಿತು. ಪೋಲೀಸರು ಗುಂಡು ಹಾರಿಸಿದರು. ಮಹಾದೇವಪ್ಪನವರೂ ಅವರೊಡನಿದ್ದ ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠರೂ ಮಡಿದರು. ಮಹಾದೇವಪ್ಪನವರಿಗೆ ಇನ್ನೂ 32 ತುಂಬಿರಲಿಲ್ಲ. ಮೂವರ ಮನೆತನದ ಹೆಸರುಗಳನ್ನು ಓದುವವರಿಗೆ ಇನ್ನೊಂದು ಮಾತೂ ತಿಳಿಯುವದು: ಊರಿನ ಅರಿವೆ ಒಗೆಯುವ ಮನೆಯವನೂ ಮಠದ ಅಯ್ಯನ ಮನೆಯವನೂ ಒಂದೇ ಜಾಗದಲ್ಲಿ ಒಂದೇ ಕಾರಣಕ್ಕಾಗಿ ಬಿದ್ದರು. ಯಾವ ಸಮಾಜಸುಧಾರಣೆಯ ಭಾಷಣವೂ ಅವರನ್ನು ಹಾಗೆ ಒಟ್ಟುಗೂಡಿಸಿರಲಿಲ್ಲ.

ಗಾಂಧೀಜಿಯವರು 1944ರ ಮೇ 6ರಂದು ಬಿಡುಗಡೆಯಾದ ಬಳಿಕ ಗುಪ್ತಕಾರ್ಯವು ಅಹಿಂಸೆಗೆ ಹೊಂದುವದಿಲ್ಲವೆಂದೂ ಅಡಗಿರುವವರು ಹೊರಗೆ ಬರಬೇಕೆಂದೂ ಹೇಳಿದರು. ದಿವಾಕರರು ಅದರಂತೆ ಹೊರಗೆ ಬಂದರು. ಆ ಮಾತಿಗೆ ಉತ್ತರ ಹೇಳಬಹುದಾಗಿದ್ದ ದಂಡಿಯ ನಡಿಗೆಯವರು ಆಗಲೇ ವರುಷದ ಹಿಂದೆ ಮಣ್ಣಾಗಿದ್ದರು. ಗುರುವಿನ ಮುಂದೆ ಶಿಷ್ಯನು ಏನು ಹೇಳುತ್ತಿದ್ದನೆಂದು ಊಹಿಸುವ ಅಧಿಕಾರವು ನಮಗಿಲ್ಲ. ಆದರೆ ಗಾಂಧೀಜಿಯವರ ಮಾತನ್ನು ಮರೆಮಾಡಿ ಮಹಾದೇವಪ್ಪನವರನ್ನು ಹೊಗಳುವದೂ, ಆ ಮಾತನ್ನೇ ಮುಂದೆಮಾಡಿ ಅವರನ್ನು ಕಿರಿದುಮಾಡುವದೂ, ಎರಡೂ ಆ ಇಬ್ಬರಿಗೂ ಸಲ್ಲದ ಕೆಲಸಗಳು.

ನಾಡು ಮಹಾದೇವಪ್ಪನವರನ್ನು ಮರೆತಿಲ್ಲ. ಹಾವೇರಿಯಲ್ಲಿ ವೀರಸೌಧವುಂಟು, 2018ರಲ್ಲಿ ಅವರ ಚಿತ್ರವುಳ್ಳ ಅಂಚೆಯ ಚೀಟಿಯು ಹೊರಟಿತು, ಹಾವೇರಿಯ ರೈಲ್ವೆ ಸ್ಟೇಶನ್ನಿಗೆ ಅವರದೇ ಹೆಸರು. ಎಡಿನ್‌ಬರೋದಲ್ಲಿ ಕಾದಂಬರಿಯ ಹೆಸರು, ನಮ್ಮಲ್ಲಿ ಹುತಾತ್ಮನ ಹೆಸರು. ಎರಡು ನಾಡುಗಳ ಬಾಳು ಎರಡು ತೆರನಾದದ್ದು, ಇದಕ್ಕೆ ನಮ್ಮ ಆಕ್ಷೇಪವಿಲ್ಲ. ಗಳಗನಾಥರ ಹೆಸರಿನಲ್ಲಿಯೂ, ಅವರೊಡನೆ ಅಗಡಿಯ ಸಂಶೋಧಕ ನಾ. ಶ್ರೀ. ರಾಜಪುರೋಹಿತರ ಹೆಸರನ್ನು ಸೇರಿಸಿ, ಸರಕಾರವು ಒಂದು ಪ್ರತಿಷ್ಠಾನವನ್ನು ಮಾಡಿದೆ. 2023ರ ಜನವರಿ 6ರಿಂದ 8ರ ವರೆಗೆ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ನೆರೆದಾಗ ಅಲ್ಲಿಗೆ ಬಂದ ಜನಸಮುದ್ರವನ್ನು ಕಂಡವರಿಗೆ, ಪುಸ್ತಕದ ಗಂಟನ್ನು ಹೊತ್ತು ಇದೇ ದಾರಿಗಳಲ್ಲಿ ನಡೆದವರ ನೆನಪು ಬಾರದೆ ಇದ್ದೀತೇ? ಆದರೆ ಗೌರವ ಬೇರೆ, ಓದು ಬೇರೆ. ಹಾವೇರಿಯ ಹತ್ತು ಮನೆಗಳಲ್ಲಿ ಹುಡುಕಿದರೂ ‘ಮಾಧವ ಕರುಣಾ ವಿಲಾಸ’ದ ಒಂದು ಪ್ರತಿ ಸಿಕ್ಕುವದು ಕಷ್ಟ. ಮಹಾದೇವಪ್ಪನವರಿಗೆ ಹೂಹಾರ ಸಾಕು. ಗಳಗನಾಥರಿಗೆ ಹೂಹಾರ ಸಾಲದು, ಪುಸ್ತಕವು ಬೇಕು.

ಹೊಸರಿತ್ತಿಯ ಗುಂಡಿನ ಸಪ್ಪಳವಾದ ನಾಲ್ಕೈದು ದಿವಸಗಳಿಗೆ ಚಿತ್ರಭಾನು ಮುಗಿದು ಸ್ವಭಾನು ಸಂವತ್ಸರದ ಯುಗಾದಿಯು ಬಂದಿತು. ಆ ಸಂವತ್ಸರದಲ್ಲಿಯೂ ಧಾರಣೆಗಳು ಇಳಿಯಲಿಲ್ಲ, ಸೆರೆಮನೆಗಳು ತೆರವಾಗಲಿಲ್ಲ. ಒಂದು ವರ್ಷ ಕೂಡದೆ ಹೋಗಿದ್ದ ಸಾಹಿತ್ಯ ಸಮ್ಮೇಳನವು ಮಾತ್ರ 1943ರಲ್ಲಿ ಮತ್ತೆ ಕೂಡಿತು; ಕೂಡಿದ್ದು ಈಸೂರು ಇರುವ ಜಿಲ್ಲೆಯ ಮುಖ್ಯಸ್ಥಳವಾದ ಶಿವಮೊಗ್ಗೆಯಲ್ಲಿ. ಅಧ್ಯಕ್ಷರು ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು.